ಕೈ ಎತ್ತಲು ಮರೆತ ರೆಫರಿ: ಒಂದು ಶನಿವಾರದ ಪ್ರಕರಣ

ಊರು ಕ್ಯಾಲಿಫೋರ್ನಿಯಾದ ಫ್ರೀಮಾಂಟ್. ಅಕ್ಟೋಬರ್ ತಿಂಗಳ ಒಂದು ಶನಿವಾರ, ಬೆಳಗ್ಗೆ 9ರ ಫುಟ್‌ಬಾಲ್ ಆಟ. ಹತ್ತು ವರ್ಷದೊಳಗಿನ ಹುಡುಗಿಯರ ಎರಡು ತಂಡಗಳು, ಕಿತ್ತಳೆ ಅಂಗಿಯವರು ಮತ್ತು ನೀಲಿ ಅಂಗಿಯವರು. ರೆಫರಿ ನಾನು. ಸಂಬಳವಿಲ್ಲ, ಭತ್ಯೆಯಿಲ್ಲ. ಆಟ ಮುಗಿದ ಮೇಲೆ ಯಾರಾದರೂ ಮಕ್ಕಳಿಗೆ ತಂದ ಕಿತ್ತಳೆ ಹಣ್ಣಿನ ಹೋಳು ಕೊಟ್ಟರೆ ಅದೇ ದಕ್ಷಿಣೆ.

ಆವತ್ತು ನಾನೊಂದು ತಪ್ಪು ಮಾಡಿದೆ. ದೊಡ್ಡದೇನಲ್ಲ, ಒಂದು ಕೈ ಎತ್ತಲು ಮರೆತೆ, ಅಷ್ಟೇ. ಅದರಿಂದ ಒಂದು ಗೋಲು ಹೋಯಿತು, ಇನ್ನೊಂದು ಬಂತು, ಒಬ್ಬ ಅಪ್ಪ ಒಬ್ಬ ಹುಡುಗನ ಮೇಲೆ ಕೂಗಾಡಿದ. ಯಾವುದು ಯಾವುದರಿಂದ ಆಯಿತು ಅಂತ ಬಿಡಿಸಿ ನೋಡಲು ಇದನ್ನು ಬರೆಯುತ್ತಿದ್ದೇನೆ. ಹೊಸದಾಗಿ ಸೀಟಿ ಹಿಡಿಯುವ ನಮ್ಮವರಿಗೆ ಉಪಯೋಗಕ್ಕೆ ಬಂದೀತು.

ಮೊದಲು ನನ್ನ ಹಿನ್ನೆಲೆ ಹೇಳಬೇಕು. ನಾನು ಫುಟ್‌ಬಾಲ್ ಆಡಿ ಬೆಳೆದವನಲ್ಲ. ದಾವಣಗೆರೆಯ ನಮ್ಮ ಓಣಿಯಲ್ಲಿ ಇದ್ದದ್ದು ಟೆನಿಸ್ ಬಾಲ್ ಕ್ರಿಕೆಟ್. ಬ್ಯಾಟಿಂಗ್ ಮಾಡುವ ತಂಡದವನೇ ಅಂಪೈರ್. ಅವನು ಎಲ್‌ಬಿಡಬ್ಲ್ಯೂ ಕೊಟ್ಟ ದಾಖಲೆ ನಮ್ಮ ಓಣಿಯ ಇತಿಹಾಸದಲ್ಲಿ ಇಲ್ಲ. ಅಂಥ ನ್ಯಾಯಪೀಠದಿಂದ ಬಂದ ನಾನು ಇಲ್ಲಿ ರೆಫರಿಯಾಗಿದ್ದು ಮಗಳಿಂದ. ಅಮೆರಿಕದ ಮಕ್ಕಳ ಸಾಕರ್ (ಇಲ್ಲಿ ಫುಟ್‌ಬಾಲಿಗೆ ಹೀಗನ್ನುತ್ತಾರೆ) ಬಹುಮಟ್ಟಿಗೆ ಅಪ್ಪ ಅಮ್ಮಂದಿರ ಬಿಟ್ಟಿ ದುಡಿಮೆಯ ಮೇಲೆ ನಿಂತಿದೆ. 1964ರಲ್ಲಿ ಇದೇ ರಾಜ್ಯದ ಟಾರೆನ್ಸ್ ಎಂಬ ಊರಲ್ಲಿ ಶುರುವಾದ ಅಮೆರಿಕನ್ ಯೂತ್ ಸಾಕರ್ ಆರ್ಗನೈಸೇಷನ್ ದೇಶದ ತುಂಬ ಹರಡಿದ್ದೇ ಹೀಗೆ. ಕೋಚ್ ಯಾರದೋ ಅಪ್ಪ, ರೆಫರಿ ಯಾರದೋ ಅಮ್ಮ. ನಮ್ಮ ಲೀಗು ಬೇರೆಯದು, ಆದರೆ ಲೆಕ್ಕ ಅದೇ. ಪ್ರತಿ ತಂಡದಿಂದ ಇಬ್ಬರು ರೆಫರಿಗಳು ಬೇಕು. ಪೋಷಕರ ಮೊದಲ ಸಭೆಯಲ್ಲಿ ಎಲ್ಲರೂ ತಮ್ಮ ತಮ್ಮ ಶೂ ನೋಡಿಕೊಂಡರು. ನಾನು ತಲೆ ಎತ್ತಿದ್ದೇ ತಪ್ಪಾಯಿತು.

ಸುಮ್ನೆ ಸೀಟಿ ಕೊಟ್ಟು ಕಳಿಸುವುದಿಲ್ಲ. ಆನ್‌ಲೈನ್ ಪಾಠ, ಒಂದು ದಿನ ಮೈದಾನದಲ್ಲಿ ತರಬೇತಿ, ತಲೆಗೆ ಪೆಟ್ಟಾದಾಗ ಏನು ಮಾಡಬೇಕು ಎಂಬುದರ ಬಗ್ಗೆ ಇನ್ನೊಂದು ಪಾಠ. ಅದರ ಮೇಲೆ ಬೆರಳಚ್ಚು ಕೂಡ. ಮಕ್ಕಳ ಸಂಸ್ಥೆಗಳಲ್ಲಿ ನಿಯಮಿತವಾಗಿ ಕೆಲಸ ಮಾಡುವ ಸ್ವಯಂಸೇವಕರ ಹಿನ್ನೆಲೆ ತಪಾಸಣೆ ಆಗಬೇಕೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಇದೆ. ವೀಸಾಕ್ಕೆ ಬೆರಳು ಒತ್ತಿದ್ದೆ, ಗ್ರೀನ್ ಕಾರ್ಡಿಗೆ ಒತ್ತಿದ್ದೆ. ಮೂರನೇ ಸಲ ಒತ್ತಿದ್ದು ಹತ್ತು ವರ್ಷದ ಮಕ್ಕಳ ಮಧ್ಯೆ ಓಡಾಡುವುದಕ್ಕೆ. ಮಕ್ಕಳ ವಿಷಯದಲ್ಲಿ ಈ ಕಟ್ಟುನಿಟ್ಟು ನನಗೆ ಇಷ್ಟವೇ.

ಈಗ ಆಟಕ್ಕೆ ಬರೋಣ.

ಈ ವಯಸ್ಸಿನವರಿಗೆ ಆಟ ಏಳು ಜನರದ್ದು. ಮೈದಾನ ಚಿಕ್ಕದು, ಗೋಲಿನ ಕಂಬಗಳೂ ಚಿಕ್ಕವು, 25 ನಿಮಿಷದ ಎರಡು ಅವಧಿಗಳು. ಆಟ ಮುಗಿಯಲು ಇನ್ನು ಆರು ನಿಮಿಷವಿತ್ತು, ಸ್ಕೋರು 1–1. ಕಿತ್ತಳೆಯ ಹುಡುಗಿಯೊಬ್ಬಳು ದೂರದಿಂದ ಜೋರಾಗಿ ಒದ್ದಳು. ಚೆಂಡು ಮೇಲಕ್ಕೆ ಹೋಗಿ, ನೀಲಿಯವರ ಗೋಲಿನ ಮುಂದಿನ ಚೌಕ, ಅಂದರೆ ಪೆನಾಲ್ಟಿ ಏರಿಯಾದೊಳಗೆ ಇಳಿಯಿತು. ಅಲ್ಲಿ ನಿಂತಿದ್ದ ನೀಲಿ ತಂಡದ 7ನೇ ನಂಬರಿನ ಪುಟ್ಟಿ ಕಾಲು ಊರಿ, ಕಣ್ಣು ಮುಚ್ಚಿ, ಹಣೆಯಿಂದ ಚೆಂಡನ್ನು ಹೊಡೆದಳು. ಟಿವಿಯಲ್ಲಿ ನೋಡಿದ್ದನ್ನು ಹಾಗೇ ಮಾಡಿದ್ದಳು. ಚೆನ್ನಾಗಿಯೂ ಮಾಡಿದ್ದಳು. ನಾನು ಸೀಟಿ ಊದಿದೆ.

ಇದು ಯಾಕೆ ತಪ್ಪು ಅಂತ ಭಾರತದಲ್ಲಿ ಫುಟ್‌ಬಾಲ್ ನೋಡಿ ಬೆಳೆದವರು ಕೇಳಿಯೇ ಕೇಳುತ್ತಾರೆ. ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಹೆಡ್ ಮಾಡುವುದು, ಅಂದರೆ ತಲೆಯಿಂದ ಚೆಂಡು ಹೊಡೆಯುವುದು, ತಪ್ಪಲ್ಲ. ಅಮೆರಿಕದ ಮಕ್ಕಳ ಆಟದಲ್ಲಿ ಕಥೆ ಬೇರೆ. 2014ರಲ್ಲಿ ಕೆಲವು ಪೋಷಕರು ಮತ್ತು ಆಟಗಾರರು ಇಲ್ಲೇ ಉತ್ತರ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿದರು. ಫಿಫಾ, ಅಮೆರಿಕದ ಸಾಕರ್ ಫೆಡರೇಷನ್, ಮಕ್ಕಳ ಲೀಗುಗಳು ಎಲ್ಲವೂ ಪ್ರತಿವಾದಿಗಳು. ಮಕ್ಕಳ ತಲೆಗೆ ಬೀಳುವ ಪೆಟ್ಟಿನ ಬಗ್ಗೆ ನೀವು ಸಾಕಷ್ಟು ಜಾಗ್ರತೆ ವಹಿಸಿಲ್ಲ ಎಂಬುದು ದೂರು. ಮುಖ್ಯವಾಗಿ ಕೇಳಿದ್ದು ನಿಯಮ ಬದಲಿಸಿ ಅಂತ. 2015ರ ನವೆಂಬರ್‌ನಲ್ಲಿ ರಾಜಿಯಾಯಿತು. ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರು ಹೆಡ್ ಮಾಡುವ ಹಾಗೇ ಇಲ್ಲ, ಸ್ವಲ್ಪ ದೊಡ್ಡವರಿಗೆ ಅಭ್ಯಾಸದಲ್ಲಿ ಮಿತಿ. ಬೇಕೆಂದೇ ಹೆಡ್ ಮಾಡಿದರೆ ಅದೇ ಜಾಗದಿಂದ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್. ಇನ್‌ಡೈರೆಕ್ಟ್ ಅಂದರೆ ಒದ್ದ ಚೆಂಡು ನೇರವಾಗಿ ಗೋಲಿಗೆ ಹೋದರೆ ಲೆಕ್ಕಕ್ಕಿಲ್ಲ. ನಡುವೆ ಇನ್ನೊಬ್ಬರಿಗೆ ತಾಗಬೇಕು. ಅದು ಯಾರಾದರೂ ಸರಿ, ಎದುರಾಳಿಯ ಗೋಲಿ, ಅಂದರೆ ಗೋಲ್‌ಕೀಪರ್, ಆದರೂ ಸರಿ.

ಕಿಕ್ ಇನ್‌ಡೈರೆಕ್ಟ್ ಅಂತ ಆಟಗಾರರಿಗೆ ಗೊತ್ತಾಗುವುದು ಹೇಗೆ? ರೆಫರಿ ಒಂದು ಕೈಯನ್ನು ತಲೆಯ ಮೇಲೆ ನೇರ ಎತ್ತಿ ಹಿಡಿಯುತ್ತಾನೆ. ಕಿಕ್ ಆಗಿ, ಚೆಂಡು ಇನ್ನೊಬ್ಬರಿಗೆ ತಾಗುವವರೆಗೋ ಹೊರಗೆ ಹೋಗುವವರೆಗೋ ಇಳಿಸುವ ಹಾಗಿಲ್ಲ. ಇಷ್ಟು ಸರಳ.

ಆದರೆ ನಾನು ಮಾಡಿದ್ದು ಹೀಗೆ. ಸೀಟಿ ಊದಿದವನು ಸೀದಾ 7ನೇ ನಂಬರಿನ ಹುಡುಗಿಯ ಹತ್ತಿರ ಹೋದೆ. ತಲೆ ನೋಯುತ್ತಿದೆಯಾ, ಕಣ್ಣು ಮಂಜಾಗಿದೆಯಾ ಅಂತ ಕೇಳಿದೆ. ಪೆಟ್ಟಿನ ಅನುಮಾನ ಬಂದರೆ ಆವತ್ತಿನ ಮಟ್ಟಿಗೆ ಆ ಮಗು ಮತ್ತೆ ಆಡುವ ಹಾಗಿಲ್ಲ. ಅದಕ್ಕೂ ಇಲ್ಲಿ 2017ರಿಂದ ಕಾನೂನಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ‘ನನಗೇನೂ ಆಗಿಲ್ಲ, ನಾನು ಏನು ತಪ್ಪು ಮಾಡಿದೆ?’ ಎಂದಳು. ನಾನು ಬಗ್ಗಿ ಅವಳಿಗೆ ನಿಯಮ ವಿವರಿಸಿದೆ. ಇನ್‌ಡೈರೆಕ್ಟ್ ಎಂಬ ಪದವನ್ನೂ ಹೇಳಿದೆ. ಕೇಳಿಸಿದ್ದು ಅವಳಿಗೊಬ್ಬಳಿಗೇ. ಆಮೇಲೆ ಎಡಗೈಯಲ್ಲಿ ಜಾಗ ತೋರಿಸಿದೆ. ನೀಲಿಯವರನ್ನು ಎಂಟು ಗಜ ಹಿಂದೆ ಕಳಿಸಬೇಕಿತ್ತು. ಹತ್ತು ವರ್ಷದ ಆರೇಳು ಮಕ್ಕಳನ್ನು ಎಂಟು ಗಜ ಹಿಂದೆ ಕಳಿಸುವುದು ಎಂದರೆ ಕೋಳಿಮರಿಗಳನ್ನು ಗೂಡಿಗೆ ಸೇರಿಸಿದ ಹಾಗೆ. ಒಬ್ಬಳನ್ನು ಸರಿಸಿದರೆ ಇನ್ನೊಬ್ಬಳು ಮುಂದೆ ಬರುತ್ತಾಳೆ. ಎಲ್ಲ ಮುಗಿದು ಆಡಿ ಎಂದು ಸೀಟಿ ಊದಿದೆ.

ಕಿತ್ತಳೆಯ ಹುಡುಗಿ ಓಡಿಬಂದು ನೇರವಾಗಿ ಗೋಲಿಗೆ ಒದ್ದಳು. ಒಳಗೆ. ಬಲೆ ಅಲುಗಾಡಿತು. ಮಕ್ಕಳೆಲ್ಲ ಕೂಗುತ್ತ ಒಬ್ಬರ ಮೇಲೊಬ್ಬರು ಬಿದ್ದರು.

ನಾನು ಗೋಲಿಲ್ಲ ಅಂತ ಕೈಯಾಡಿಸಿ, ಗೋಲ್ ಕಿಕ್ ತೋರಿಸಿದೆ, ಅಂದರೆ ನೀಲಿಯವರು ತಮ್ಮ ಗೋಲಿನ ಹತ್ತಿರದಿಂದ ಚೆಂಡು ಒದ್ದು ಆಟ ಮುಂದುವರಿಸಬೇಕು. ಇನ್‌ಡೈರೆಕ್ಟ್ ಕಿಕ್ ಯಾರಿಗೂ ತಾಗದೆ ಎದುರಾಳಿಯ ಗೋಲಿಗೆ ಹೋದರೆ ಗೋಲ್ ಕಿಕ್ ಕೊಡಬೇಕು. ಅಷ್ಟರ ಮಟ್ಟಿಗೆ ನನ್ನ ಪಾಠ ಸರಿಯಿತ್ತು. ಕಿತ್ತಳೆ ಕೋಚ್ ಎರಡೂ ಕೈ ಚಾಚಿ ‘ಯಾಕೆ?’ ಎಂದ. ‘ಇನ್‌ಡೈರೆಕ್ಟ್’ ಎಂದೆ. ‘ನಿನ್ನ ಕೈ ಮೇಲಿರಲೇ ಇಲ್ಲ!’ ಎಂದು ಅವನು ಕೂಗಿದ. ನನಗೆ ಸಿಟ್ಟೇ ಬಂತು. ಯಾಕೆಂದರೆ ಎತ್ತಿದ್ದೆ ಅಂತ ನನಗೆ ಚೆನ್ನಾಗಿ ನೆನಪಿತ್ತು. ದೇವರ ಮೇಲೆ ಆಣೆ ಹಾಕು ಅಂದಿದ್ದರೆ ಹಾಕುತ್ತಿದ್ದೆ.

ಇಲ್ಲಿ ಒಂದು ವಿಷಯ ಗಮನಿಸಿ. ರೆಫರಿ ತನ್ನ ತೀರ್ಮಾನ ಬದಲಿಸಬಹುದು, ಆದರೆ ಆಟ ಮತ್ತೆ ಶುರುವಾಗುವ ಮುಂಚೆ ಮಾತ್ರ. ನೀಲಿ ಗೋಲಿ ಚೆಂಡು ಇಟ್ಟಾಗಿತ್ತು. ಅವಳೊಮ್ಮೆ ಒದ್ದಿದ್ದರೆ ಮುಗಿಯಿತು, ಸರಿಯೋ ತಪ್ಪೋ, ಅದೇ ಶಾಸನ. ನನ್ನನ್ನು ಉಳಿಸಿದ್ದು ಮಕ್ಕಳಾಟದ್ದೇ ಇನ್ನೊಂದು ನಿಯಮ. ಈ ವಯಸ್ಸಿನ ಆಟದಲ್ಲಿ ಮಧ್ಯದ ಗೆರೆಗೂ ಪೆನಾಲ್ಟಿ ಏರಿಯಾಕ್ಕೂ ನಡುವೆ ಬಿಲ್ಡ್ ಔಟ್ ಲೈನ್ ಎಂಬ ಗೆರೆಯಿರುತ್ತದೆ. ಗೋಲ್ ಕಿಕ್ ಹೊತ್ತಿಗೆ ಎದುರಾಳಿಗಳು ಅದರ ಹಿಂದೆ ಹೋಗಬೇಕು. ಕಿತ್ತಳೆ ಮಕ್ಕಳು ಮುಖ ಊದಿಸಿಕೊಂಡು ನಿಧಾನಕ್ಕೆ ಹೋಗುತ್ತಿದ್ದರು. ಆ ನಿಧಾನದಲ್ಲಿ ನನಗೆ ಅರ್ಧ ನಿಮಿಷ ಸಿಕ್ಕಿತು.

ಪೋಷಕರು ಕೂತಿದ್ದ ಕಡೆಯ ಗೆರೆಯಲ್ಲಿ ನನ್ನ ಸಹಾಯಕ ರೆಫರಿ ಬಾವುಟ ಎತ್ತಿ ನಿಂತಿದ್ದ. ಅವನಿಗೆ 14 ವರ್ಷ. ಹೈಸ್ಕೂಲಿನವರಿಗೆ ಸಮಾಜಸೇವೆಯ ಗಂಟೆಗಳು ಬೇಕು, ಅದಕ್ಕೆ ಬರುತ್ತಾನೆ. ಕನ್ನಡದವರ ಮನೆಯ ಹುಡುಗ, ಕನ್ನಡ ಕೂಟದ ಯುಗಾದಿಗೆ ಪ್ರತಿವರ್ಷ ಸಿಗುವವರು. ನಾನು ಓಡಿಹೋಗಿ ಇಂಗ್ಲಿಷಿನಲ್ಲಿ ಕೇಳಿದೆ, ಚೆಂಡು ಗೋಲಿಯ ಕೈಗೆ ಸವರಿತಾ ಅಂತ. ಸವರಿದ್ದರೆ ಗೋಲು ಕೊಡಲೇಬೇಕಿತ್ತಲ್ಲ. ಅವನು ಇಲ್ಲ ಎಂದು ತಲೆಯಾಡಿಸಿದ. ಆಮೇಲೆ ನನ್ನ ಮುಖ ನೋಡಿ, ದನಿ ತಗ್ಗಿಸಿ, ತನ್ನ ಹರಕುಮುರುಕು ಕನ್ನಡದಲ್ಲಿ ಹೇಳಿದ:

‘ಅಂಕಲ್, ನೀವು ಕೈ ಎತ್ತಿಲ್ಲ. ಮತ್ತೆ ಒದೀಬೇಕು.’

‘ನಿಜವಾಗ್ಲೂ?’ ಎಂದೆ, ನಾನೂ ಕನ್ನಡದಲ್ಲಿ.

‘ಎತ್ತೇ ಇಲ್ಲ ಅಂಕಲ್. ನಾನು ನೋಡ್ತಾನೇ ಇದ್ದೆ.’

ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಇನ್‌ಡೈರೆಕ್ಟ್ ಎಂದು ತೋರಿಸಲು ರೆಫರಿಯೇ ಮರೆತು, ಚೆಂಡು ನೇರ ಗೋಲಿಗೆ ಹೋದರೆ, ಗೋಲೂ ಇಲ್ಲ, ಗೋಲ್ ಕಿಕ್ಕೂ ಇಲ್ಲ. ಕಿಕ್ ಮತ್ತೆ ಆಗಬೇಕು. ನಿಯಮ ಪುಸ್ತಕದಲ್ಲಿ ಅಚ್ಚಾಗಿರುವ ವಾಕ್ಯ ಅದು. ನಾನು ಓದಿದ್ದೆ, ಪರೀಕ್ಷೆಯಲ್ಲಿ ಸರಿ ಉತ್ತರವನ್ನೂ ಕೊಟ್ಟಿದ್ದೆ. ಆ ಹೊತ್ತಿಗೆ ನೆನಪಿಗೆ ಬಂದಿರಲಿಲ್ಲ.

ಮಧ್ಯಕ್ಕೆ ಬಂದು ಇಬ್ಬರು ಕೋಚುಗಳಿಗೂ ಕೇಳುವ ಹಾಗೆ ಹೇಳಿದೆ: ‘ತಪ್ಪು ನನ್ನದು. ಕೈ ಎತ್ತಿರಲಿಲ್ಲ. ಕಿಕ್ ಮತ್ತೆ ಆಗುತ್ತೆ.’ ಈ ಸಲ ಕೈ ಎಷ್ಟು ಬೇಗ ಎತ್ತಿದೆನೆಂದರೆ ಮಕ್ಕಳು ಜಾಗಕ್ಕೆ ಬರುವಷ್ಟರಲ್ಲಿ ಭುಜ ನೋಯುತ್ತಿತ್ತು. ಕಿತ್ತಳೆ ಹುಡುಗಿ ನನ್ನ ಕೈ ನೋಡಿದಳು, ಕೋಚ್ ಕಡೆ ನೋಡಿದಳು, ಪಕ್ಕದವಳಿಗೆ ಮೆಲ್ಲಗೆ ತಳ್ಳಿದಳು. ಪಕ್ಕದವಳು ಒದ್ದಳು. ಚೆಂಡು ನೀಲಿ ತಂಡದ ಒಬ್ಬಳ ಮೊಣಕಾಲಿಗೆ ಬಡಿದು ದಿಕ್ಕು ಬದಲಿಸಿ ಒಳಗೆ ಹೋಯಿತು. 2–1.

ಆಗ ಶುರುವಾಯಿತು.

ನೀಲಿ ಕಡೆಯ ಒಬ್ಬ ಅಪ್ಪ ಕುರ್ಚಿಯಿಂದ ಎದ್ದು ಗೆರೆಯ ಹತ್ತಿರ ಬಂದ. ನನಗೆ ಬೈದಿದ್ದರೆ ಬೈಯಲಿ, ತಪ್ಪು ನನ್ನದೇ. ಆದರೆ ಅವನಿಗೆ ಹತ್ತಿರ ಸಿಕ್ಕಿದ್ದು ಬಾವುಟದ ಹುಡುಗ. ‘ನಿನಗೆ ಎಷ್ಟು ವಯಸ್ಸು? ನೀನು ಯಾರು ರೂಲ್ ಹೇಳೋಕೆ? ನಿಮ್ಮ ಭಾಷೆಯಲ್ಲಿ ಪಿಸುಗುಟ್ಟಿಕೊಂಡು ಗೋಲ್ ಕೊಡ್ತೀರಾ?’ ಎಂದು ಇಂಗ್ಲಿಷಿನಲ್ಲಿ ಕೂಗಿದ. ಹುಡುಗ ಮೈದಾನದ ಕಡೆಗೇ ಮುಖ ಮಾಡಿ ನಿಂತಿದ್ದ, ನಮಗೆ ಹೇಳಿಕೊಟ್ಟಿರುವ ಹಾಗೇ. ಬಾವುಟದ ಕೋಲನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದಿದ್ದ.

ಇಂಥ ಹೊತ್ತಿಗೆ ನಮಗೆ ಕಲಿಸುವ ಮೂರು ಮೆಟ್ಟಿಲಿನ ದಾರಿಯೊಂದಿದೆ: ಮೊದಲು ಕೇಳಿಕೊಳ್ಳೋದು, ಆಮೇಲೆ ತಾಕೀತು ಮಾಡೋದು, ಕೊನೆಗೆ ಹೊರಗೆ ಕಳಿಸೋದು. ಕೋಚ್ ಆದರೆ ಹಳದಿ, ಕೆಂಪು ಕಾರ್ಡೂ ತೋರಿಸಬಹುದು, 2019ರಿಂದ ನಿಯಮದಲ್ಲೇ ಅದಕ್ಕೆ ಅವಕಾಶವಿದೆ. ನೋಡಲು ಬಂದ ಅಪ್ಪ ಅಮ್ಮಂದಿರಿಗೆ ಕಾರ್ಡ್ ತೋರಿಸಲು ಬರುವುದಿಲ್ಲ. ಅವರ ನಡತೆಗೆ ಕೋಚ್ ಹೊಣೆ. ರೆಫರಿಯ ಕೈಯಲ್ಲಿರುವುದು ಆಟ ನಿಲ್ಲಿಸುವ ಅಧಿಕಾರ. ನಾನು ನಿಲ್ಲಿಸಿದೆ. ನೀಲಿ ಕೋಚನ್ನು ಕರೆದು, ‘ಅವರು ನೂರು ಗಜ ದೂರ ಹೋಗುವ ತನಕ ಆಟ ಶುರುವಾಗಲ್ಲ’ ಎಂದೆ. ಇಲ್ಲಿ ನಾನು ಮೊದಲನೇ ಮೆಟ್ಟಿಲು ಹಾರಿದೆ, ಕೇಳಿಕೊಳ್ಳಲಿಲ್ಲ. ದೊಡ್ಡವರು ನನ್ನ ಮೇಲೆ ಕೂಗಿದ್ದರೆ ಕೇಳಿಕೊಳ್ಳುತ್ತಿದ್ದೆ. ಹುಡುಗನ ಮೇಲೆ ಕೂಗಿದರೆ ಆ ಮೆಟ್ಟಿಲು ಇಲ್ಲ ಅಂತಲೇ ನನ್ನ ಲೆಕ್ಕ. ಇದರ ಬಗ್ಗೆ ಬೇರೆ ರೆಫರಿಗಳು ನನ್ನೊಡನೆ ವಾದ ಮಾಡಿದ್ದಾರೆ. ನಾನು ಬದಲಾಗಿಲ್ಲ.

ನೀಲಿ ಕೋಚ್ ಒಳ್ಳೆಯ ಹೆಂಗಸು. ಮೈದಾನ ದಾಟಿ ಹೋಗಿ ಆತನ ಭುಜದ ಮೇಲೆ ಕೈಯಿಟ್ಟು ಪಾರ್ಕಿಂಗ್ ಕಡೆ ಕರೆದುಕೊಂಡು ಹೋದಳು. ಉಳಿದ ಮೂರೂವರೆ ನಿಮಿಷ ಯಾರೂ ಉಸಿರೆತ್ತಲಿಲ್ಲ. ಮಕ್ಕಳು ಮಾತ್ರ ಏನೂ ಆಗದ ಹಾಗೆ ಆಡಿದರು.

ಆಟ ಮುಗಿದ ಮೇಲೆ ಆ ಕೋಚ್ ನನ್ನ ಹತ್ತಿರ ಬಂದು ಒಂದೇ ಮಾತು ಹೇಳಿದಳು: ‘ನಿನ್ನ ತಪ್ಪಿಗೆ ದಂಡ ಕಟ್ಟಿದ್ದು ನನ್ನ ಮಕ್ಕಳು.’ ಆ ಮಾತು ವಾರವಿಡೀ ನನ್ನ ತಲೆಯಲ್ಲಿ ಕೂತಿತ್ತು. ಮೇಲ್ನೋಟಕ್ಕೆ ಅದು ನಿಜವೇ. ನಾನು ಸಮಯಕ್ಕೆ ಕೈ ಎತ್ತಿದ್ದು, ಆ ಹುಡುಗಿ ಆಗಲೂ ನೇರ ಒದ್ದಿದ್ದರೆ, ಗೋಲ್ ಕಿಕ್ ಆಗುತ್ತಿತ್ತು. ಆಟ ಬಹುಶಃ 1–1ಕ್ಕೆ ಮುಗಿಯುತ್ತಿತ್ತು.

ಆದರೆ ಕೈ ಎತ್ತಿದ್ದರೆ ಅವಳು ನೇರ ಒದೆಯುತ್ತಿದ್ದಳಾ? ಎರಡನೇ ಸಲ ಕೈ ನೋಡಿದ ಕೂಡಲೇ ಪಕ್ಕಕ್ಕೆ ತಳ್ಳಿದಳಲ್ಲ. ಅವಳಿಗೆ ನಿಯಮ ಗೊತ್ತಿತ್ತು. ಗೊತ್ತಿಲ್ಲದ್ದು ನನ್ನ ತಲೆಯೊಳಗೆ ಏನಿದೆ ಎಂಬುದು. ಮತ್ತೆ ಒದೆಸುವ ನಿಯಮ ಇರುವುದೇ ಅದಕ್ಕೆ ಅನ್ನಿಸುತ್ತದೆ. ಮೊದಲ ಕಿಕ್ ಹೊತ್ತಿಗೆ ಅವಳು ಆಡಿದ್ದು ನಾನು ಹೇಳದ ಆಟವನ್ನು. ಟಿವಿಯ ಆಟಗಳಲ್ಲಿ ದೊಡ್ಡವರು ಒಂದು ಫ್ರೀ ಕಿಕ್‌ಗೆ ನಾಲ್ಕು ಸಲ ರೆಫರಿಯನ್ನು ಕೇಳಿಕೊಳ್ಳುತ್ತಾರೆ, ಡೈರೆಕ್ಟಾ ಇನ್‌ಡೈರೆಕ್ಟಾ ಅಂತ. ಹತ್ತು ವರ್ಷದವರು ಕೇಳುವುದಿಲ್ಲ. ಹಳದಿ ಅಂಗಿಯ ಅಂಕಲ್‌ನ ಕೈ ಎಲ್ಲಿದೆ ಅಂತ ನೋಡುತ್ತಾರೆ, ಒದೆಯುತ್ತಾರೆ.

ಇನ್ನು ಕೈ ಯಾಕೆ ಮರೆಯಿತು? ಸಾಕ್ಷಿ ಆಮೇಲೆ ಸಿಕ್ಕಿತು. ಕುರ್ಚಿ ಮಡಚುತ್ತಿದ್ದ ನೀಲಿ ತಂಡದ ಒಬ್ಬ ಅಮ್ಮ ನನ್ನನ್ನು ಕರೆದು ಫೋನಿನಲ್ಲಿ ವಿಡಿಯೊ ತೋರಿಸಿದರು. ನಾನೇ ಇದ್ದೆ ಅದರಲ್ಲಿ. ಎಡಗೈ ನೆಲದ ಕಡೆ ಬೆರಳು ತೋರಿಸುತ್ತಿದೆ. ಬಲಗೈಯಲ್ಲಿ ಸೀಟಿ, ಎದೆಯ ಹತ್ತಿರ. ಕಣ್ಣು ಪೂರ್ತಿ 7ನೇ ನಂಬರಿನ ಹುಡುಗಿಯ ಮೇಲೆ. ಕಿಕ್ ಹೊಡೆಯುವವಳ ಕಡೆ ಒಂದು ಸಲವೂ ತಿರುಗಿಲ್ಲ. ಎತ್ತಿದ್ದೆ ಅಂತ ನನಗಿದ್ದ ನೆನಪು ಎಲ್ಲಿಂದ ಬಂತೋ ಗೊತ್ತಿಲ್ಲ. ಬಹುಶಃ ಇನ್‌ಡೈರೆಕ್ಟ್ ಅಂತ ಬಾಯಲ್ಲಿ ಹೇಳಿದ್ದನ್ನೇ ತಲೆ ಕೈ ಎತ್ತಿದ್ದು ಅಂತ ಬರೆದುಕೊಂಡಿತು. ಮಗುವಿನ ತಲೆ ಮೊದಲು ನೋಡಿದ್ದು ತಪ್ಪಲ್ಲ, ನಾಳೆಯೂ ಅದನ್ನೇ ಮಾಡುತ್ತೇನೆ. ಆದರೆ ಕೈ ಎತ್ತಿಕೊಂಡೇ ತಲೆ ನೋಡಬಹುದಿತ್ತು. ಈಗ ಸೀಟಿಯ ಜೊತೆಗೇ ಬಲಗೈ ಮೇಲೆ ಹೋಗುತ್ತದೆ, ಮಾತುಕತೆ ಎಲ್ಲ ಆಮೇಲೆ. ನೋಡಲು ಬಸ್ ನಿಲ್ಲಿಸುವವನ ಹಾಗಿರುತ್ತೇನೆ ಅಂತ ಮಗಳು ನಗುತ್ತಾಳೆ.

ವಿಡಿಯೊ ತೋರಿಸಿದ ಆ ಅಮ್ಮ, ಫೋನ್ ಚೀಲಕ್ಕೆ ಹಾಕುತ್ತ, ಅಚ್ಚ ಹುಬ್ಬಳ್ಳಿ ಕನ್ನಡದಲ್ಲಿ ಹೇಳಿದರು: ‘ಆ ಹುಡುಗ ಏನಂದಾ ಅಂತ ನನಗ ಕೇಳಿಸಿತ್ರೀ. ಸುಮ್ನ ಕುಂತೆ. ಹೇಳಿದ್ರ ನಮ್ಮ ಟೀಮಿಗೇ ಉಲ್ಟಾ ಆಗ್ತಿತ್ತಲ್ರಿ.’

ನನಗೆ ನಗಬೇಕೋ ಏನೋ ತಿಳಿಯಲಿಲ್ಲ. ಫ್ರೀಮಾಂಟ್‌ನ ಮೈದಾನದಲ್ಲಿ ನಿಂತು ಕನ್ನಡ ಯಾರಿಗೂ ಬರುವುದಿಲ್ಲ ಅಂತ ನಂಬಿದ್ದು ನನ್ನ ದಡ್ಡತನ. ಆ ಅಪ್ಪ ಕೂಗಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಜಾಗದಲ್ಲಿ ಕೂತು ನೋಡಿ. ರೆಫರಿ ಗೋಲಿಲ್ಲ ಅಂದ. ಗೆರೆಯ ಹತ್ತಿರ ಓಡಿದ. ಒಂದು ಹುಡುಗನ ಜೊತೆ ಅರ್ಥವಾಗದ ಭಾಷೆಯಲ್ಲಿ ನಾಲ್ಕು ಮಾತಾಡಿದ. ವಾಪಸ್ ಬಂದು ತೀರ್ಮಾನ ಬದಲಿಸಿದ. ನಮ್ಮ ಓಣಿಯಲ್ಲಾಗಿದ್ದರೆ ನಾವು ಬ್ಯಾಟ್ ಕಿತ್ತುಕೊಂಡು ಮನೆಗೆ ಹೋಗುತ್ತಿದ್ದೆವು. ಕನ್ನಡದಲ್ಲಿ ಯಾಕೆ ಹೇಳಿದೆ ಅಂತ ಹುಡುಗನನ್ನು ಕೇಳಿದೆ. ‘ಎಲ್ಲರ ಮುಂದೆ ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ’ ಎಂದ. ನನ್ನ ಮಾನ ಕಾಯಲು ಹೋಗಿ ಅವನು ಬೈಸಿಕೊಂಡ. ಈಗ ಆಟಕ್ಕೆ ಮುಂಚೆ ಸಹಾಯಕರಿಗೆ ಎರಡು ಮಾತು ಹೇಳುತ್ತೇನೆ. ನನ್ನ ಕೈ ಮೇಲಿಲ್ಲದಿದ್ದರೆ ಕಿಕ್ ಆಗುವ ಮುಂಚೆಯೇ ಕೂಗಿ ಹೇಳಿ. ಏನೇ ಹೇಳುವುದಿದ್ದರೂ ಇಂಗ್ಲಿಷಿನಲ್ಲೇ ಹೇಳಿ, ನನ್ನ ತಪ್ಪಾದರೂ ಸರಿ.

ಲೀಗಿಗೆ ವರದಿ ಬರೆಯಬೇಕಿತ್ತು. ನಾನು ಒಂದು ಪುಟ ಬರೆದೆ, ಕೈ ಮರೆತದ್ದನ್ನೇ ಮೊದಲು ಬರೆದೆ. ಹುಡುಗ ಮೂರು ಸಾಲು ಬರೆದಿದ್ದ. ಎರಡು ಸಾಲು ಕಿಕ್ ಬಗ್ಗೆ, ನಿಮಿಷದ ಸಮೇತ. ಮೂರನೆಯದು: ‘ಒಬ್ಬ ಪೋಷಕರು ಜೋರಾಗಿ ಮಾತಾಡಿದರು.’ ಆ ಅಪ್ಪನಿಗೆ ಮುಂದಿನ ಎರಡು ಆಟಕ್ಕೆ ಮೈದಾನದ ಹತ್ತಿರ ಬರಬೇಡಿ ಅಂತ ಹೇಳಿದರು ಎಂದು ಆಮೇಲೆ ಗೊತ್ತಾಯಿತು.

ಮರುವಾರ ಹುಡುಗ ಬರಲಿಲ್ಲ. ಪರೀಕ್ಷೆ ಇದೆ ಅಂತ ಅವನ ಅಮ್ಮ ಮೆಸೇಜ್ ಮಾಡಿದ್ದರು. ಅದರ ಮುಂದಿನ ವಾರವೂ ಬರಲಿಲ್ಲ. ಇನ್ನು ಬರಲ್ಲ ಅಂದುಕೊಂಡೆ. ಮೂರನೇ ಶನಿವಾರ ನಾನು ನಾಣ್ಯ ಹುಡುಕುತ್ತಿದ್ದಾಗ ಬಾವುಟ ಹಿಡಿದು ಪಕ್ಕದಲ್ಲಿ ನಿಂತಿದ್ದ. ಯಾವ ಕಡೆ ನಿಲ್ಲುತ್ತೀಯ, ಬೇಕಾದರೆ ಕೋಚುಗಳ ಕಡೆ ನಿಲ್ಲು ಎಂದೆ. ಬೇಡ, ಪೋಷಕರ ಕಡೆಯೇ ನಿಲ್ಲುತ್ತೇನೆ ಎಂದ.

‘ಯಾಕೋ?’

‘ಆ ಕಡೆ ನೆರಳಿದೆ ಅಂಕಲ್.’